ನಾಪಾಸಣ್ಣನ ಸೈಕಲ್ಲು

ಹತ್ತನೇ ತರಗತಿಯ ರಿಸಲ್ಟ್ ಬರುವ ದಿನ ಆ ಊರಿನವರು ಮತ್ತೆ ಯಾವುದಕ್ಕೆ ಹೆದರುತ್ತಿದ್ದರೋ ಗೊತ್ತಿಲ್ಲ, ಒಂದು ಸೈಕಲ್ಲಿಗಂತೂ ಹೆದರುತ್ತಿದ್ದರು. ಹೈಸ್ಕೂಲಿನ ಹಳೇ ಸೈಕಲ್ಲು ಅದು. ಬೆಲ್ಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತದೆ ಅಂತ ಹುಡುಗರು ಆಡಿಕೊಳ್ಳುತ್ತಾರಲ್ಲ, ಆ ಜಾತಿಯದು. ವರ್ಷವೆಲ್ಲ ಆಫೀಸು ರೂಮಿನ ಹಿಂದೆ ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿತ್ತು. ರಿಸಲ್ಟಿನ ಬೆಳಿಗ್ಗೆ ಜವಾನ ಅದನ್ನು ಹೊರಗೆ ತಳ್ಳಿಕೊಂಡು ಬಂದು, ಸೀಟು ಒರೆಸಿ, ಹತ್ತಿ ಹೊರಟನೆಂದರೆ ಬೀದಿಬೀದಿಯಲ್ಲಿ ಬಾಗಿಲ ಸಂದಿಯಿಂದ ತಾಯಂದಿರು ಇಣುಕುತ್ತಿದ್ದರು. ಅವನು ಯಾರ ಮನೆ ಮುಂದೆ ಸ್ಟ್ಯಾಂಡ್ ಹಾಕುತ್ತಾನೋ ಆ ಮನೆಯ ಮಗು ಫೇಲು.

ಆ ಜವಾನನನ್ನು ಊರೆಲ್ಲ ನಾಪಾಸಣ್ಣ ಅಂತ ಕರೆಯುತ್ತಿತ್ತು. ಅದು ಹೇಗೆ ಬಂತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಕಥೆಯೆಲ್ಲ ಇರೋದೇ ಆ ಹೆಸರಿನಲ್ಲಿ.

ಮನೆಮನೆಗೆ ಹೋಗು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಯಾವ ಸುತ್ತೋಲೆಯಲ್ಲೂ ಹಾಗೆ ಬರೆದಿಲ್ಲ. ಪೇಟೆಯಿಂದ ಪಟ್ಟಿ ಬಂದರೆ ಅದನ್ನು ವರಾಂಡದ ಕರಿಬೋರ್ಡಿನ ಮೇಲೆ ಬರೆಯೋದು ಅವನ ಕೆಲಸ. ಅಕ್ಷರ ಮುತ್ತು ಪೋಣಿಸಿದ ಹಾಗೆ; ಮೇಷ್ಟ್ರುಗಳೇ ಅವನ ಕೈಯಲ್ಲಿ ಬರೆಸಿಕೊಳ್ಳುತ್ತಿದ್ದರು. ಆದರೆ ಪಟ್ಟಿ ಕೈಗೆ ಬಂದ ಕೂಡಲೇ ಅವನು ಮೊದಲು ಹುಡುಕುತ್ತಿದ್ದುದು ಫೇಲಾದವರನ್ನು. ಅವರ ಮನೆಗಳಿಗೆ ಹೋಗಿಬಂದ ಮೇಲೆಯೇ ಸೀಮೆಸುಣ್ಣ ಮುಟ್ಟುತ್ತಿದ್ದ. ಬೋರ್ಡಿನ ಮುಂದೆ ಊರಿಗೆ ಊರೇ ಸೇರಿದಾಗ, ಪಾಸಾಗದ ಒಂದು ಮಗುವೂ ಆ ಗುಂಪಿನಲ್ಲಿ ನಿಂತು ತನ್ನ ಹೆಸರು ಹುಡುಕಬಾರದು ಅನ್ನೋದು ಅವನ ಹಟ. ಹೆಡ್‌ಮಾಸ್ಟರುಗಳು ಬಂದರು, ಹೋದರು, ತಡವಾಯಿತು ಅಂತ ಒಬ್ಬಿಬ್ಬರು ಗೊಣಗಿದರು. ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಫೇಲಾದವರ ಮನೆಯೊಳಗೆ ಹೋಗಿ ಕೂತು ಮೊದಲು ಒಂದು ಲೋಟ ನೀರು ಕೇಳುತ್ತಿದ್ದ. ಫೇಲಾದ ಮಗುವೇ ತಂದು ಕೊಡಬೇಕು, ಅಮ್ಮ ತಂದರೆ ಮುಟ್ಟುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಆ ಮಗುವಿಗೆ ಕಣ್ಣು ಒರೆಸಿಕೊಳ್ಳೋಕೆ ಸಮಯ ಸಿಗುತ್ತದೆ ಅನ್ನೋದು ಅವನ ಲೆಕ್ಕಾಚಾರ. ಬಂದ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಇಷ್ಟು ಅಂಕ ಕಡಿಮೆ ಬಿತ್ತು ಅಂತ ನೇರವಾಗಿ ಹೇಳುತ್ತಿದ್ದ. ಅಯ್ಯೋ ಪಾಪ ಅನ್ನೋದಾಗಲಿ, ಬುದ್ಧಿ ಹೇಳೋದಾಗಲಿ ಇಲ್ಲ. ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಯಾವಾಗ ಕಟ್ತೀಯ? ಕಟ್ಟೋದು ಅಂದರೆ ಪರೀಕ್ಷೆಗೆ ಮತ್ತೆ ಅರ್ಜಿ ಹಾಕೋದು. ಆ ಮಗು ಬಾಯಿಬಿಟ್ಟು ಒಂದು ತಿಂಗಳ ಹೆಸರು ಹೇಳುವ ತನಕ ಆಸಾಮಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಕೂತಿದ್ದನಂತೆ. ಆ ಹುಡುಗ ಹಸಿವು ತಾಳಲಾರದೆ ಸೆಪ್ಟೆಂಬರ್ ಅಂದನಂತೆ.

ಈ ಸೈಕಲ್ಲಿನಿಂದ ಆದ ಅವಾಂತರಗಳೂ ಕಡಿಮೆಯೇನಲ್ಲ. ಒಂದು ವರ್ಷ ಬಿಸಿಲಿಗೆ ಗಂಟಲು ಒಣಗಿ, ಹಿಟ್ಟಿನ ಗಿರಣಿಯವನ ಮನೆ ಮುಂದೆ ನೀರು ಕುಡಿಯೋಣ ಅಂತ ನಿಲ್ಲಿಸಿದ. ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದ್ದೇ ತಡ, ಗಿರಣಿಯವನ ಹೆಂಡತಿ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದಳು. ಮಗಳು ಶಾಲೆಗೇ ಮೊದಲು ಬಂದಿದ್ದಾಳೆ ಅಂತ ಇವನು ಕೂಗಿ ಹೇಳುತ್ತಿದ್ದಾನೆ, ಆಕೆಯ ಗದ್ದಲದಲ್ಲಿ ಕೇಳಿಸಿದರೆ ತಾನೇ! ಗಿರಣಿಯವನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಓಡಿಬಂದು, ವಿಷಯ ತಿಳಿದ ಮೇಲೆ ಇವನಿಗೇ ಬಾಯಿಗೆ ಬಂದ ಹಾಗೆ ಬೈದ. ಅವತ್ತಿನಿಂದ ದಾರಿಯ ಬಾಯಾರಿಕೆಗೆ ಅಂತ ಹ್ಯಾಂಡಲಿಗೆ ಒಂದು ನೀರಿನ ಬಾಟಲಿ ಕಟ್ಟಿಕೊಂಡ.

ಈಗ ಕಾಲ ಬದಲಾಗಿದೆ, ಬಿಡಿ. ಬೆಳಿಗ್ಗೆ ಕಣ್ಣುಬಿಡುವ ಮೊದಲೇ ಮೊಬೈಲಿಗೆ ರಿಸಲ್ಟು ಬಂದು ಕೂತಿರುತ್ತದೆ. ಸೈಕಲ್ಲಿನ ಅಗತ್ಯವೇ ಇಲ್ಲ ಅಂತ ಶಾಲೆಯ ಮೇಷ್ಟ್ರೊಬ್ಬರು ಹೇಳಿಯೂ ಬಿಟ್ಟರು. ಆದರೂ ಇವನು ಹೋದ. ಹೋದ ವರ್ಷ ಒಂದು ಹುಡುಗಿ ಬಾಗಿಲಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದಳು. ಮೊಬೈಲಲ್ಲಿ ನೋಡಿದ್ದೆ, ಆದರೆ ನೀವು ಬರುವ ತನಕ ಖಾತ್ರಿಯಿಲ್ಲ ಅಂತ ಕಾಯುತ್ತಿದ್ದೆ ಅಂದಳು. ಅವಳು ಈಗ ಪಾಸಾಗಿದ್ದಾಳೆ. ಇವನು ಹೋಗಿಬಂದ ಮನೆಗಳ ಮಕ್ಕಳು ಒಟ್ಟು ಇನ್ನೂರ ಆರು. ಅವರಲ್ಲಿ ನೂರ ಎಪ್ಪತ್ತೊಂದು ಜನ ಆಮೇಲೆ ಕಟ್ಟಿ ಪಾಸಾದರು. ನಿಲ್ಲಿಸಿ ಕೇಳಿದರೆ ಒಬ್ಬೊಬ್ಬರ ಮನೆಯ ಗುರುತು, ಕಡಿಮೆ ಬಿದ್ದ ಅಂಕ, ಕಟ್ಟಿದ ತಿಂಗಳು ಎಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ.

ಇಷ್ಟೆಲ್ಲ ಯಾಕೆ ಮಾಡುತ್ತಿದ್ದ? ಒಳ್ಳೆಯ ಮನುಷ್ಯ, ಮಕ್ಕಳೆಂದರೆ ಪ್ರಾಣ, ಅದಕ್ಕೆ ಅಂತ ಊರಿನವರು ಅಂದುಕೊಂಡಿದ್ದರು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಆ ಊರಿಗೆ ಹೈಸ್ಕೂಲು ಬಂದಾಗ ಅವನಿಗಿನ್ನೂ ಹದಿಮೂರು ವರ್ಷ. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಶಾಲೆಯ ಮುಂಗೋಡೆಗೆ ಗಾರೆ ಮೆತ್ತಿದ್ದು ಅವನೇ. ಮೂರು ದಿನದ ಕೆಲಸವನ್ನು ಆರು ದಿನ ಮಾಡಿದ. ಮರದ ಹಲಗೆಯಲ್ಲಿ ಉಜ್ಜಿ ಉಜ್ಜಿ, ಅಂಗೈಯಿಂದ ಸವರಿ ನೋಡಿ, ಎಲ್ಲೋ ಒಂದು ಕಡೆ ಕೈಗೆ ತರಿತರಿಯಾಗಿ ತಗುಲಿದರೆ ಕೆತ್ತಿ ಮತ್ತೆ ಮೆತ್ತಿದ. ಮೇಸ್ತ್ರಿಗೆ ಒಂದಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟಿನ ಮನುಷ್ಯ. ಮಗ ಓದೋ ಶಾಲೆ, ಗೋಡೆ ಗಲೀಜಾಗಿರಬಾರದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮೊದಲ ಬ್ಯಾಚಿನಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಕೂತವರು ಹನ್ನೊಂದು ಜನ. ಇವನು ತಡವಾಗಿ ಸೇರಿದ್ದರಿಂದ ಪಟ್ಟಿಯಲ್ಲಿ ಕೊನೆಯವನು. ರಿಸಲ್ಟಿನ ದಿನ ಹೆಡ್‌ಮಾಸ್ಟರು ಪೇಟೆಯ ಆಫೀಸಿಗೆ ಹೋಗಿ ಪಟ್ಟಿಯನ್ನು ಕಾಗದದಲ್ಲಿ ನಕಲು ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದರು. ಅವರಿಗೆ ಆ ವಾರವೇ ವರ್ಗವಾಗಿತ್ತು. ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋಗಬೇಕಿತ್ತು. ಇಳಿಯಲೂ ಇಲ್ಲ. ಕಿಟಕಿಯಿಂದಲೇ ಕೈ ಚಾಚಿ, ಯಾವತ್ತೂ ಬೋರ್ಡು ಬರೆಯುತ್ತಿದ್ದ ಈ ಹುಡುಗನ ಕೈಗೆ ಮಡಚಿದ ಕಾಗದ ತುರುಕಿ, ಬೋರ್ಡಿಗೆ ಬರಿ ಅಂತ ತಲೆ ಸವರಿದರು. ಬಸ್ಸು ಹೊರಟಿತು. ಒಳಗೆ ಏನಿದೆ ಅಂತ ಗೊತ್ತಿದ್ದೇ ಕೊಟ್ಟರೋ, ಗಡಿಬಿಡಿಯಲ್ಲಿ ಮರೆತರೋ, ಅವನಿಗೆ ಇವತ್ತಿಗೂ ತಿಳಿಯದು.

ಹುಡುಗ ಕಾಗದ ಬಿಚ್ಚಿದ್ದು ಬೋರ್ಡಿನ ಮುಂದೆ ನಿಂತ ಮೇಲೆ. ಬೆನ್ನ ಹಿಂದೆ ಊರೆಲ್ಲ ಇತ್ತು. ಮೊದಲ ಸಾಲಿನಲ್ಲಿ, ಕೆಲಸದಿಂದ ಹಾಗೇ ಎದ್ದುಬಂದ ಅಪ್ಪ. ಮೊಣಕೈವರೆಗೆ ಗಾರೆ ಒಣಗಿ ಬೆಳ್ಳಗಾಗಿತ್ತು. ಒಂದರಿಂದ ಬರೆಯುತ್ತಾ ಹೋದ. ಪಾಸು, ಪಾಸು, ಪಾಸು. ಹತ್ತರವರೆಗೂ ಪಾಸು. ಹನ್ನೊಂದಕ್ಕೆ ಬಂದು ಕಾಗದ ನೋಡಿದ. ಹೆಡ್‌ಮಾಸ್ಟರು ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: ನಾಪಾಸು, ಗಣಿತ ಇಪ್ಪತ್ತೆಂಟು.

ಮುಚ್ಚಿಡೋಣ ಅಂತ ಅವನಿಗೆ ಅನ್ನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯೋಕೇ ಹೊರಟ. 'ನಾ' ಅಂತ ಬರೆದ. ಕೈ ಎಷ್ಟು ಒತ್ತಿತ್ತೋ, ಸೀಮೆಸುಣ್ಣ ಪಟ್ಟನೆ ಮುರಿದು ಬಿತ್ತು. ಬಗ್ಗಿ, ತುಂಡು ಹುಡುಕಿ, ಎದ್ದು, ಕಣ್ಣು ಮಂಜಾಗಿದ್ದರಿಂದ ಎಲ್ಲಿ ಬಿಟ್ಟಿದ್ದೆ ಅಂತ ಸರಿಯಾಗಿ ಕಾಣದೆ, ನಾಲ್ಕು ಬೆರಳು ಆಚೆಗೆ 'ಪಾಸು' ಅಂತ ಬರೆದ. ಅಷ್ಟೇ ನೋಡಿ ಆದದ್ದು. ಸುಳ್ಳನ್ನೂ ಬರೆಯಲಿಲ್ಲ, ನಿಜವನ್ನೂ ಬರೆಯಲಿಲ್ಲ. ನಡುವೆ ನಾಲ್ಕು ಬೆರಳು ಜಾಗ ಬಿಟ್ಟ.

ಓದು ಬರದವರಿಗಾಗಿ ಪೋಸ್ಟ್‌ಮ್ಯಾನು ಗಟ್ಟಿಯಾಗಿ ಓದುತ್ತಿದ್ದ. ಹನ್ನೊಂದಕ್ಕೆ ಬಂದವನು ಒಂದು ಗಳಿಗೆ ನಿಂತು, "ನಾ ಪಾಸು! ಇವನ ಧಿಮಾಕು ನೋಡ್ರಪ್ಪ. ಬೇರೆಯವರೆಲ್ಲ ಬರೀ ಪಾಸು, ಇವನು ನಾ ಪಾಸು" ಅಂದ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಲಲ್ಲ ಅಂತ ಹೇಳೋಕೆ ಹುಡುಗ ತಿರುಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಎದುರಿನ ಅಂಗಡಿಗೆ ಓಡಿದ್ದ. ಓಡಿಬಂದವನ ಕೈಯಲ್ಲಿ ಸಕ್ಕರೆ ಪೊಟ್ಟಣ. ಹುಡುಗ ಅಪ್ಪ ಅಂತ ಬಾಯಿ ತೆರೆದ. ಅಪ್ಪ ಆ ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ಸುರಿದ. ಆಮೇಲೆ ಊರಿನ ಒಂದೊಂದು ಮನೆಗೂ ಹೋಗಿ ಹಂಚಿದ. ಮಾತುಬಿಟ್ಟಿದ್ದ ದಾಯಾದಿಯ ಮನೆಯನ್ನೂ ಬಿಡಲಿಲ್ಲ.

ಸಂಜೆ ಹುಡುಗನೇ ಬೋರ್ಡು ಒರೆಸಿದ. ಅಂಚೆಯಲ್ಲಿ ಬಂದ ಅಂಕಪಟ್ಟಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ. ಹೊಸ ಹೆಡ್‌ಮಾಸ್ಟರು ಬಂದರು, ಅವರಿಗೆ ಹಳೆಯದು ಗೊತ್ತಿಲ್ಲ. ಸೆಪ್ಟೆಂಬರ್ ಬಂತು, ಹೋಯಿತು. ಅವನು ಕಟ್ಟಲಿಲ್ಲ.

ಊರಿನವರ ಬಾಯಲ್ಲಿ ಮಾತ್ರ 'ನಾ ಪಾಸು' ಉಳಿಯಿತು. ಮೊದಮೊದಲು ಚುಡಾಯಿಸೋಕೆ, ಆಮೇಲೆ ಪ್ರೀತಿಗೆ, ಆಮೇಲೆ ಅದೇ ಹೆಸರು. ಎರಡು ಮಾತು ಕೂಡಿಕೊಂಡು ನಾಪಾಸು ಆಯಿತು, ವಯಸ್ಸಾದ ಮೇಲೆ ನಾಪಾಸಣ್ಣ. ಹೊಸಬರು ಯಾರಾದರೂ ಪಾಪ ಫೇಲಾದವನೇ ಅಂತ ಕೇಳಿದರೆ, ಹಳಬರು ನಗುತ್ತಾ ಬೋರ್ಡಿನ ಕಥೆ ಹೇಳುತ್ತಿದ್ದರು. ಊರವರ ತಮಾಷೆಯ ಒಳಗೇ ನಿಜ ಆರಾಮಾಗಿ ಕೂತಿತ್ತು. ಯಾರಾದರೂ ಹೆಸರು ಹಿಡಿದು ಕೂಗಿದಾಗಲೆಲ್ಲ ಅವನಿಗೊಬ್ಬನಿಗೆ ಎಲ್ಲೋ ಒಂದು ಕಡೆ ಚುರ್ ಅನ್ನುತ್ತಿತ್ತು.

ಆರು ವರ್ಷ ಕಳೆದ ಮೇಲೆ ಅದೇ ಶಾಲೆಯಲ್ಲಿ ಜವಾನನ ಕೆಲಸ ಸಿಕ್ಕಿತು. ಅದಕ್ಕೆ ಏಳನೇ ತರಗತಿ ಸಾಕಿತ್ತು. ಗಂಟೆ ಹೊಡೆದ, ಬೆಂಚು ಒರೆಸಿದ, ಬೋರ್ಡು ಬರೆದ. ಮದುವೆಯಾಯಿತು, ಶಾಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದ. ಒಮ್ಮೆ ಗುಮಾಸ್ತನ ಹುದ್ದೆಗೆ ಬಡ್ತಿ ಬಂತು. ಹತ್ತನೇ ತರಗತಿಯ ಅಂಕಪಟ್ಟಿ ತೆಗೆದುಕೊಂಡು ಪೇಟೆಗೆ ಬಾ ಅಂದರು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ, ಈ ಗಂಟೆ ಬಿಟ್ಟು ನನಗೆ ಇರೋಕಾಗಲ್ಲ ಅಂತ ಹೇಳಿ ಕಳಿಸಿದ. ಎಂಥ ತ್ಯಾಗ ಅಂತ ಊರು ಕೊಂಡಾಡಿತು. ಶಾಲೆಯ ಸಭೆಯಲ್ಲಿ ಶಾಲು ಹೊದಿಸಿದರು. ಆ ಶಾಲನ್ನು ಅವನು ಒಂದು ದಿನವೂ ಹೊದೆಯಲಿಲ್ಲ.

ಶಾಲೆಯ ಪ್ರತಿ ಸಭೆಯಲ್ಲೂ ಭಾಷಣ ಶುರುವಾಗುವುದೇ ಒಂದು ಮಾತಿನಿಂದ: ಮೊದಲ ಬ್ಯಾಚಿನಲ್ಲೇ ನೂರಕ್ಕೆ ನೂರು ಫಲಿತಾಂಶ ಕೊಟ್ಟ ಹೆಮ್ಮೆಯ ಶಾಲೆ. ಹೆಡ್‌ಮಾಸ್ಟರಿಂದ ಹೆಡ್‌ಮಾಸ್ಟರಿಗೆ ಆ ಮಾತು ಕುರ್ಚಿಯ ಜೊತೆಗೇ ಬರುತ್ತಿತ್ತು. ಅಷ್ಟು ಹೊತ್ತಿಗೆ ನಾಪಾಸಣ್ಣನಿಗೆ ಗಂಟೆಯ ಹತ್ತಿರ ಏನಾದರೂ ಕೆಲಸ ಇರುತ್ತಿತ್ತು. ಆ ವರ್ಷದ ಕಪ್ಪು ರಟ್ಟಿನ ರಿಜಿಸ್ಟರು ಹಳೇ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಇವನ ಸೊಂಟದಲ್ಲಿತ್ತು. ಯಾರಾದರೂ ಕೇಳಿದರೆ ಗೆದ್ದಲು ಹಿಡಿದಿದೆ ಸಾರ್, ಮುಟ್ಟಿದರೆ ಪುಡಿ ಅನ್ನುತ್ತಿದ್ದ. ಪಾಪದ ಗೆದ್ದಲು ಅದರ ಹತ್ತಿರವೂ ಸುಳಿದಿರಲಿಲ್ಲ.

ಹೀಗೆ ನಲವತ್ನಾಲ್ಕು ವರ್ಷ. ಅವನಿಗೆ ಅರವತ್ತು ತುಂಬಿತು. ಈ ತಿಂಗಳ ಕೊನೆಗೆ ನಿವೃತ್ತಿ.

ಈ ವರ್ಷ ಪರೀಕ್ಷೆ ಬರೆದವರು ಹದಿನಾಲ್ಕು ಜನ, ಪಾಸಾದವರು ಹದಿನಾಲ್ಕು. ಸೈಕಲ್ಲಿಗೆ ಕೆಲಸವೇ ಇರಲಿಲ್ಲ. ಅದಕ್ಕೂ ನಿಮ್ಮ ಜೊತೆ ರಿಟೈರ್‌ಮೆಂಟು ಅಂತ ಮೇಷ್ಟ್ರುಗಳು ರೇಗಿಸಿದರು. ಅದೇ ವಾರ ಮೇಲಿನ ಆಫೀಸಿನಿಂದ ಒಂದು ಆದೇಶ ಬಂತು: ಪ್ರತಿ ಹೈಸ್ಕೂಲೂ ತನ್ನ ಎಲ್ಲ ವರ್ಷಗಳ ಫಲಿತಾಂಶವನ್ನು ಮುಂಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು. ವರ್ಷ, ಬರೆದವರು, ಪಾಸಾದವರು.

ಹೆಡ್ ಮೇಡಂ ಬಂದು ಮೂರು ವರ್ಷವಾಗಿತ್ತಷ್ಟೆ. ಅಚ್ಚುಕಟ್ಟಿನ ಹೆಂಗಸು, ನಾಪಾಸಣ್ಣನೆಂದರೆ ಬಹಳ ಗೌರವ. ಗೋಡೆ ನಿಮ್ಮ ಕೈಯಿಂದಲೇ ಆಗಬೇಕು, ಅದನ್ನು ಮೆತ್ತಿದ ನಿಮ್ಮ ತಂದೆಯೇ ಸೋಮವಾರ ಪರದೆ ಸರಿಸಬೇಕು, ಆಮೇಲೆ ಸಾಲುಸಾಲಾಗಿ ಎಲ್ಲ ಓದಿ ಹೇಳೋಣ, ಅದೇ ಸಭೆಯಲ್ಲಿ ನಿಮ್ಮ ಬೀಳ್ಕೊಡುಗೆ ಅಂದರು. ಇವನು ಒಂದೇ ಒಂದು ಕೋರಿಕೆ ಇಟ್ಟ. ಪಾಸಾದವರ ಪಕ್ಕ ಇನ್ನೊಂದು ಚೌಕದ ಮನೆ ಗೀಚಿ ಅದರಲ್ಲಿ 'ಆಮೇಲೆ ಪಾಸಾದವರು' ಅಂತ ಬರೆಯಲೇ? ಆಫೀಸಿನ ನಮೂನೆಯಲ್ಲಿ ಅದಿಲ್ಲವಲ್ಲ ಅಂತ ಮೇಡಂ ಒಂದು ಗಳಿಗೆ ಯೋಚಿಸಿ, ಬರೆಯಿರಿ, ಯಾರೂ ಇಲ್ಲದ ಕಡೆ ಒಂದು ಗೀಟು ಎಳೆದುಬಿಡಿ ಅಂದರು.

ಗೋಡೆ ಬರೆಯುವವರು ಮೇಲಿಂದ ಶುರುಮಾಡುತ್ತಾರೆ. ಇಲ್ಲದಿದ್ದರೆ ಮೇಲಿನ ಬಣ್ಣ ಕೆಳಗಿನ ಅಕ್ಷರದ ಮೇಲೆ ಸೋರುತ್ತದೆ. ಇದು ಗೊತ್ತಿದ್ದೂ ಅವನು ಕೆಳಗಿಂದ, ಈ ವರ್ಷದಿಂದ ಶುರುಮಾಡಿದ. ಒಂದೊಂದೇ ವರ್ಷ ಹಿಂದಕ್ಕೆ ಹೋದ. ಇಪ್ಪತ್ತೆರಡು ಬರೆದವರು, ಹದಿನಾರು ಪಾಸಾದವರು, ಆಮೇಲೆ ಆರು. ಆ ಆರರಲ್ಲಿ ಒಬ್ಬಳು ಈಗ ನರ್ಸು. ಹದಿನೆಂಟು, ಒಂಬತ್ತು, ಆಮೇಲೆ ಏಳು. ಅದು ಗಣಿತದ ಮೇಷ್ಟ್ರೇ ಇರದಿದ್ದ ವರ್ಷ, ಸೈಕಲ್ಲು ಬೆಳಗಿನಿಂದ ಸಂಜೆಯವರೆಗೆ ತಿರುಗಿತ್ತು. ಒಂದೊಂದು ಅಂಕಿ ಬರೆಯುವಾಗಲೂ ಒಂದೊಂದು ಬಾಗಿಲು, ಒಂದೊಂದು ಲೋಟ ಕಣ್ಣ ಮುಂದೆ ಬರುತ್ತಿತ್ತು. ನಗುತ್ತಾ ಬರೆದ, ಕಣ್ಣು ಒರೆಸಿಕೊಳ್ಳುತ್ತಾ ಬರೆದ. ಶನಿವಾರ ಮಧ್ಯಾಹ್ನಕ್ಕೆ ಮೇಲಿನ ಒಂದೇ ಒಂದು ಸಾಲು ಉಳಿಯಿತು.

ಮನಸ್ಸು ಗಟ್ಟಿಮಾಡಿಕೊಂಡು ರಿಜಿಸ್ಟರು ತರಲು ಹೊರಟವನನ್ನು ಮೇಡಂ ತಡೆದರು. ಅದು ಯಾಕೆ, ಊರಿಗೆಲ್ಲ ಗೊತ್ತಿರೋದೇ, ಹನ್ನೊಂದಕ್ಕೆ ಹನ್ನೊಂದು, ಬರೆದುಬಿಡಿ ಅಂದರು. ಮೊದಲ ಸಾಲೂ ನೂರಕ್ಕೆ ನೂರು, ಕೊನೆಯ ಸಾಲೂ ನೂರಕ್ಕೆ ನೂರು, ಎಷ್ಟು ಚೆನ್ನಾಗಿ ಕೂತಿದೆ ಅಂತ ಸಂತೋಷಪಟ್ಟು ಒಳಗೆ ಹೋದರು.

ಏಣಿ ಹತ್ತಿದ. ಬರೆದವರು, ಹನ್ನೊಂದು. ಪಾಸಾದವರ ಮನೆಗೆ ಬಂದು ಒಂದು ಅಂತ ಬರೆದ. ಅದರ ಪಕ್ಕ ಇನ್ನೊಂದು ಒಂದು ಬರೆದರೆ ಮುಗಿಯಿತು. ರಿಜಿಸ್ಟರು ಬೀರುವಿನಲ್ಲಿದೆ, ಬೀಗದ ಕೈ ಸೊಂಟದಲ್ಲಿದೆ, ಕೇಳೋರು ಯಾರು? ಸೋಮವಾರ ಎಂಬತ್ತೈದರ ಅಪ್ಪ ಪರದೆ ಸರಿಸುತ್ತಾನೆ, ಯಾರೋ ಹನ್ನೊಂದಕ್ಕೆ ಹನ್ನೊಂದು ಅಂತ ಗಟ್ಟಿಯಾಗಿ ಓದುತ್ತಾರೆ, ಮುದುಕ ಮೀಸೆ ತಿರುವುತ್ತಾನೆ. ಒಂದರ ಪಕ್ಕ ಸೊನ್ನೆ ಬರೆದರೆ? ಹಾಗಾದರೆ ಫೇಲಾದ ಆ ಒಬ್ಬ ಯಾರು ಅಂತ ಅಪ್ಪ ಕೇಳೇ ಕೇಳುತ್ತಾನೆ, ಊರೆಲ್ಲರ ಮುಂದೆ. ಆ ವಯಸ್ಸಿನಲ್ಲಿ ಅವನ ಮುಖ ನೋಡೋದು ಹೇಗೆ?

ಬ್ರಷ್ಷಿನ ತುದಿಯಿಂದ ಬಣ್ಣ ಸೋರಿ ಗೋಡೆಯ ಮೇಲೆ ಇಳಿಯಿತು. ಒರೆಸೋಕೆ ಅಂತ ಅಂಗೈ ಇಟ್ಟ. ಗೋಡೆ ಈಗಲೂ ನುಣ್ಣಗಿತ್ತು. ಇನ್ನೂರ ಆರು ಮನೆಯಲ್ಲಿ ಕೂತು ಯಾವಾಗ ಕಟ್ತೀಯ ಅಂತ ಕೇಳಿದ್ದೇನೆ, ಆ ಮಕ್ಕಳೆಲ್ಲ ಉತ್ತರ ಕೊಟ್ಟಿದ್ದಾರೆ, ನಾನೊಬ್ಬ ಕೊಟ್ಟಿಲ್ಲ ಅನ್ನಿಸಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮೊದಲು ಮನೆಗೆ ಹೋಗೋದು, ಆಮೇಲೆ ಬೋರ್ಡು ಬರೆಯೋದು. ಪದ್ಧತಿ ಅಂದಮೇಲೆ ಎಲ್ಲರಿಗೂ ಒಂದೇ. ಏಣಿ ಇಳಿದು, ಬ್ರಷ್ಷನ್ನು ಸೀಮೆಎಣ್ಣೆಯ ಡಬ್ಬದಲ್ಲಿ ಅದ್ದಿಟ್ಟು, ಆಫೀಸು ರೂಮಿನ ಹಿಂದಕ್ಕೆ ಹೋಗಿ ಸೈಕಲ್ಲು ತೆಗೆದ.

ಅವತ್ತು ಆ ಬೀದಿಗಳಲ್ಲಿ ಎದ್ದ ಗಾಬರಿ ಏನು ಕೇಳುತ್ತೀರಿ! ರಿಸಲ್ಟು ಬಂದು ಹದಿನೈದು ದಿನವಾಗಿದೆ, ಎಲ್ಲರೂ ಪಾಸು, ಮತ್ತೆ ಈ ಸೈಕಲ್ಲು ಯಾಕೆ ಹೊರಟಿತು? ಗಿರಣಿಯವನ ಹೆಂಡತಿ, ಮಗಳ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳು, ಹಳೇ ಅಭ್ಯಾಸಕ್ಕೆ ಬಾಗಿಲು ಹಾಕಿಕೊಂಡಳು. ಇವನು ಅತ್ತಿತ್ತ ನೋಡದೆ ಊರ ಕೊನೆಯ ಬೀದಿಗೆ ಬಂದು ತಂಗಿಯ ಮನೆ ಮುಂದೆ ಸ್ಟ್ಯಾಂಡ್ ಹಾಕಿದ. ಅಪ್ಪ ಇರೋದು ತಂಗಿಯ ಜೊತೆ. ದಿನಾ ಸಂಜೆ ಅಪ್ಪನನ್ನು ನೋಡೋಕೆ ನಡೆದುಕೊಂಡೇ ಬರುತ್ತಿದ್ದ. ಸೈಕಲ್ಲಿನಲ್ಲಿ ಬಂದದ್ದು ಇದೇ ಮೊದಲು.

ಒಳಗೆ ತಂಗಿಯ ಹೊಲಿಗೆ ಮಷೀನು ನಿಂತಿತು. ಇದೇನಣ್ಣ, ನಮ್ಮನೇಲಿ ಯಾರೂ ಪರೀಕ್ಷೆ ಬರೆದಿಲ್ಲವಲ್ಲ ಅಂತ ಅವಳು ನಕ್ಕಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅಪ್ಪ ಮಾತ್ರ ನಗದೆ, ಸೈಕಲ್ಲನ್ನೂ ಮಗನ ಮುಖವನ್ನೂ ನೋಡಿ, ಯಾರೋ ಫೇಲು ಅಂತ ಕೇಳಿದ.

ಅವನು ಸೀದಾ ಅಡುಗೆಮನೆಗೆ ಹೋದ. ಲೋಟಕ್ಕೆ ನೀರು ತುಂಬಿದ. ಅಲ್ಲೇ ಒಂದು ಗಳಿಗೆ ನಿಂತು ಮುಖ ಒರೆಸಿಕೊಂಡ. ಇಷ್ಟು ವರ್ಷ ಆ ಮಕ್ಕಳೆಲ್ಲ ಮಾಡಿದ್ದು ಇದನ್ನೇ ಅಲ್ಲವೇ ಅಂತ ಆಗ ತಿಳಿಯಿತು. ಲೋಟ ತಂದು ಅಪ್ಪನ ಕೈಗೆ ಕೊಟ್ಟ. ಮಗನ ಈ ನೀರಿನ ಪದ್ಧತಿ ಅಪ್ಪನಿಗೆ ಗೊತ್ತಿಲ್ಲದ್ದಲ್ಲ. ಲೋಟ ಹಿಡಿದ ಕೈ ಹಾಗೇ ನಿಂತಿತು.

"ಅಪ್ಪ, ನಾನು ನಾಪಾಸು."

"ಅದೇನು ಹೊಸದೇನೋ? ಊರೆಲ್ಲ ಹಾಗೇ ತಾನೇ ಕರೆಯೋದು."

ನೋಡಿ, ಎಂಥ ಫಜೀತಿ! ನಲವತ್ನಾಲ್ಕು ವರ್ಷ ಕಾದು ಹೇಳಿದ ನಿಜ ಹೆಸರಿನ ಹಾಗೆ ಕೇಳಿಸಿಬಿಟ್ಟಿತು. ಮತ್ತೆ ಬಾಯಿ ಬಿಡಿಸಿ ಹೇಳಬೇಕಾಯಿತು. ಬೋರ್ಡಿನ ಮೇಲೆ ನಾ ಪಾಸು ಅಂತ ಬರೆಯೋಕೆ ಹೊರಟಿರಲಿಲ್ಲ, ನಾಪಾಸು ಅಂತಲೇ ಬರೆಯೋಕೆ ಹೊರಟಿದ್ದೆ, ಸೀಮೆಸುಣ್ಣ ಮುರಿದು ನಡುವೆ ಜಾಗ ಬಿಟ್ಟುಹೋಯಿತು, ಪೋಸ್ಟ್‌ಮ್ಯಾನು ಹಾಗೆ ಓದಿದ, ಗಣಿತದಲ್ಲಿ ನಾನು ಫೇಲು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದ. ತಂಗಿಯ ನಗು ನಿಂತುಹೋಯಿತು.

ಅಪ್ಪ ನೀರನ್ನು ಪೂರ್ತಿ ಕುಡಿದ. ಲೋಟವನ್ನು ಬೆಂಚಿನ ಮೇಲಿಟ್ಟ.

"ಎಷ್ಟು ಕಡಿಮೆ ಬಿತ್ತು?"

"ಏಳು."

"ಏಳೇ ತಾನೇ? ಮತ್ತೆ ಕಟ್ಟಲಿಲ್ಲ ಯಾಕೆ?"

"ನೀನು ಊರಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದೆಯಲ್ಲಪ್ಪ. ಪಾಸಾದವನು ಮತ್ತೆ ಹೇಗೆ ಕಟ್ಟೋದು?"

ಅಪ್ಪ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ಬೈಯಲಿಲ್ಲ. ಗಾರೆ ತಿಂದು ಬಿರುಕುಬಿಟ್ಟ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ತುಂಬ ಹೊತ್ತು ನೋಡಿಕೊಂಡ. ಮಗನಿಗೆ ಯಾಕಾದರೂ ಹೇಳಿದೆನೋ ಅನ್ನಿಸಿತು.

"ಸಕ್ಕರೆ ಹಾಕುವಾಗ ನೀನು ಏನೋ ಹೇಳೋಕೆ ಬಾಯಿ ತೆರೆದಿದ್ದೆ" ಅಂದ ಅಪ್ಪ. "ನೆನಪಿದೆ ನನಗೆ. ಸಂತೋಷಕ್ಕೆ ತೆರೆದಿದ್ದಾನೆ ಅಂದುಕೊಂಡೆ."

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪನೇ ಗೋಡೆಯ ವಿಷಯ ತೆಗೆದ. ಎಷ್ಟು ಸಾಲಾಯಿತು, ಏನು ಬರೆದೆ ಅಂತ ಕೇಳಿದ. ಮೇಲಿನ ಸಾಲಿನಲ್ಲಿ ಹನ್ನೊಂದು ಬರೆದಿದ್ದೇನೆ, ಅದರ ಪಕ್ಕದ ಮನೆಯಲ್ಲಿ ಒಂದು ಬರೆದು ನಿಲ್ಲಿಸಿ ಬಂದೆ ಅಂತ ಮಗ ಹೇಳಿದ. ಅಪ್ಪನಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಇಟ್ಟಿಗೆ ಎಣಿಸಿದ ಮನುಷ್ಯ.

"ಸೊನ್ನೆ ಬರಿ. ಗಾರೆ ಸರಿಯಿಲ್ಲದ ಕಡೆ ಮೇಲೆ ಬಣ್ಣ ಬಳಿದು ಮುಚ್ಚೋ ಕೆಲಸ ನಾನು ಒಂದು ದಿನವೂ ಮಾಡಿದವನಲ್ಲ. ಆ ಗೋಡೆ ನಂದು." ಆಮೇಲೆ ಕೇಳಿದ, "ಕೊನೆಯಲ್ಲಿ ಇನ್ನೊಂದು ಮನೆ ಗೀಚಿದ್ದೀಯಂತಲ್ಲ, ಆಮೇಲೆ ಪಾಸಾದವರದ್ದು. ಅದರಲ್ಲಿ ಏನು ಬರೀತೀಯ?"

"ಯಾರೂ ಇಲ್ಲವಲ್ಲಪ್ಪ. ಗೀಟು ಎಳೆಯಬೇಕು."

"ಗೀಟು ಬೇಡ. ಖಾಲಿ ಬಿಡು." ಅಪ್ಪ ಬೆಂಚಿನ ಮೇಲೆ ಕಾಲು ಮಡಚಿಕೊಂಡು, ಇನ್ನು ಏಳೋದಿಲ್ಲ ಅನ್ನೋ ಹಾಗೆ ಗಟ್ಟಿಯಾಗಿ ಕೂತ. "ಯಾವಾಗ ಕಟ್ತೀಯ?"

ಎಷ್ಟೋ ಮಕ್ಕಳ ಅರ್ಜಿ ತನ್ನ ಕೈಯಾರೆ ತುಂಬಿದವನು ಅವನು. ಎಷ್ಟು ವರ್ಷವಾದರೂ ಕಟ್ಟಬಹುದು, ಹೊಸ ಪುಸ್ತಕ ಓದಬೇಕು ಅಷ್ಟೇ ಅಂತ ಬೇರೆಯವರಿಗೆಲ್ಲ ಹೇಳಿದವನು. ತನ್ನ ಸರದಿ ಬಂದಾಗ ಬೆರಳು ಮಡಚಿ ತಿಂಗಳು ಎಣಿಸಿದ. ಅಪ್ಪ ಕಾದ. ಮಷೀನಿನ ಮೇಲೆ ಕೈಯಿಟ್ಟು ತಂಗಿಯೂ ಕಾದಳು. ಹೊರಗೆ ಸೈಕಲ್ಲು ನೋಡಿ ಬಂದ ಅಕ್ಕಪಕ್ಕದವರು ನಾಲ್ಕಾರು ಜನ ಬಾಗಿಲಲ್ಲಿ ನಿಂತಿದ್ದರು.

"ಸೆಪ್ಟೆಂಬರಿಗೆ" ಅಂದ.

"ಕಟ್ಟು ಹೋಗು" ಅಂದ ಅಪ್ಪ. "ಈ ಸಲ ಬೋರ್ಡಿನ ಮೇಲೆ ಬರೋ ತನಕ ನಾನು ಸಕ್ಕರೆ ಡಬ್ಬಿ ಮುಟ್ಟಲ್ಲ."